ಮೀನಿನ ಮೈಯೊಳಗಿನ ಬಡಬಾನಲ

ನಮ್ಮ ಹಳೆಯ ಕವಿಗಳು ಕಡಲನ್ನು ವರ್ಣಿಸುವಾಗ ಬಡಬಾನಲವನ್ನು ಮರೆಯುವುದು ಅಪರೂಪ. ನೀರಿನ ಹೊಟ್ಟೆಯಲ್ಲಿ ಬೆಂಕಿಯೊಂದು ಉರಿಯುತ್ತಿದೆ, ಅದಕ್ಕೆ ಹೆಣ್ಣುಕುದುರೆಯ ಮುಖವಿದೆ, ನದಿಗಳು ಎಷ್ಟು ನೀರನ್ನು ತಂದು ಸುರಿದರೂ ಕಡಲು ಉಕ್ಕದಿರುವುದಕ್ಕೆ ಆ ಬೆಂಕಿಯ ದಾಹವೇ ಕಾರಣ ಎಂಬುದು ಕವಿಸಮಯ. ಮಹಾಭಾರತದ ಆದಿಪರ್ವದಲ್ಲಿ ಇದಕ್ಕೊಂದು ಕಥೆಯೂ ಉಂಟು. ಭೃಗುವಂಶದ ಔರ್ವನೆಂಬ ಋಷಿಯ ಕೋಪಾಗ್ನಿ ಲೋಕಗಳನ್ನೆಲ್ಲ ಸುಡಲು ಹೊರಟಾಗ ಪಿತೃಗಳು ಬಂದು ಬೇಡವೆಂದು ಪ್ರಾರ್ಥಿಸಿದರಂತೆ. ಹುಟ್ಟಿದ ಕೋಪವನ್ನು ಒಳಗೇ ಅಡಗಿಸಿಕೊಂಡರೆ ಅದು ತನ್ನನ್ನೇ ಸುಟ್ಟೀತು ಎಂದು ಋಷಿಯ ಅಳಲು. ಕೊನೆಗೆ ಅವನು ಅದನ್ನು ಕಡಲಿಗೆ ಬಿಟ್ಟನು. ಹೊರಗೆ ಬಿಟ್ಟರೆ ಲೋಕಕ್ಕೆ ಕೇಡು, ಒಳಗೆ ಇಟ್ಟುಕೊಂಡರೆ ತನಗೆ ಕೇಡು; ಅಂಥ ಬೆಂಕಿ ಅದು.

ಇಂದಿನ ಮಾತು ಪುರಾಣಕ್ಕೆ ಸಂಬಂಧಿಸಿದ್ದಲ್ಲ, ಕಡಲ ಮೀನಿಗೆ ಸಂಬಂಧಿಸಿದ್ದು. ಆದರೆ ಜೀವವಿಜ್ಞಾನಿಗಳು ಮೀನಿನ ಮೈಯೊಳಗೆ ಕಂಡಿರುವ ಒಂದು ವ್ಯವಹಾರವನ್ನು ಕೇಳುಗರಿಗೆ ತಿಳಿಯುವಂತೆ ಹೇಳುವುದಕ್ಕೆ ಔರ್ವನ ಕಥೆಗಿಂತ ಹತ್ತಿರದ ಹೋಲಿಕೆ ನನಗೆ ದೊರೆಯಲಿಲ್ಲ. ತಣ್ಣಗಿನ ನೀರಿನಲ್ಲಿ ತಣ್ಣಗಿನ ಮೈಯಿಂದ ಬಾಳುವ ಮೀನು ತನ್ನ ಹಗೆಗಳನ್ನು ಕೊಲ್ಲುವುದಕ್ಕೆ ಬಳಸುವುದೂ ಒಂದು ಬಗೆಯ ಬೆಂಕಿಯನ್ನೇ. ಅದೇ ಬೆಂಕಿಯಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಹಗಲಿರುಳೂ ದುಡಿಯಬೇಕಾಗಿದೆ.

ಆ ಬೆಂಕಿ ಬರುವುದು ಆಮ್ಲಜನಕದಿಂದ. ಈ ವಾಯುವನ್ನು ನಾವು ಪ್ರಾಣವಾಯು ಎಂದು ಕರೆಯುತ್ತೇವೆ. ಹೆಸರು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಸುವುದು, ಸೌದೆಯನ್ನು ಬೂದಿ ಮಾಡುವುದು, ಡಬ್ಬದಲ್ಲಿಟ್ಟ ಎಣ್ಣೆಗೆ ಕಮಟು ವಾಸನೆ ಬರಿಸುವುದು, ಎಲ್ಲವೂ ಈ ಪ್ರಾಣವಾಯುವಿನ ಕೆಲಸವೇ. 1774ರಲ್ಲಿ ಇದನ್ನು ಬೇರ್ಪಡಿಸಿದ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಗೆ ಆಗಲೇ ಒಂದು ಸಂಶಯ ಬಂದಿತ್ತು: ಶುದ್ಧವಾದ ಈ ವಾಯುವಿನಲ್ಲಿ ಮೇಣದ ಬತ್ತಿ ಬೇಗಬೇಗನೆ ಉರಿದು ಮುಗಿಯುವಂತೆ ಪ್ರಾಣಿಯ ಬಾಳೂ ಬೇಗನೆ ಮುಗಿದುಹೋದೀತೇನೊ ಎಂದು. ಆತನ ಸಂಶಯಕ್ಕೆ ರಸಾಯನಶಾಸ್ತ್ರದ ಸಮರ್ಥನೆ ಸಿಕ್ಕಲು ಸುಮಾರು ಇನ್ನೂರು ವರ್ಷ ಬೇಕಾಯಿತು.

ಜೀವಕೋಶದೊಳಗೆ ಆಮ್ಲಜನಕದ ಒಂದು ಅಣು ನೀರಾಗಿ ಶಾಂತವಾಗಬೇಕಾದರೆ ಅದಕ್ಕೆ 4 ಎಲೆಕ್ಟ್ರಾನುಗಳು ದೊರೆಯಬೇಕು. ಸಾಮಾನ್ಯವಾಗಿ ನಾಲ್ಕೂ ಸರಿಯಾಗಿ ದೊರೆಯುತ್ತವೆ. ಎಲ್ಲೋ ಕೆಲವು ಅಣುಗಳು ಮಾತ್ರ ಒಂದೇ ಎಲೆಕ್ಟ್ರಾನನ್ನು ಹಿಡಿದುಕೊಂಡು ನಡುದಾರಿಯಲ್ಲಿ ಜಾರಿಬಿಡುತ್ತವೆ. ಹೀಗೆ ಅರೆಬರೆಯಾಗಿ ಉಳಿದದ್ದಕ್ಕೆ ಸೂಪರಾಕ್ಸೈಡು ಎಂದು ಹೆಸರು. ಇದು ಇನ್ನೊಂದು ಹೆಜ್ಜೆ ಮುಂದೆ ಹೋದರೆ ಹೈಡ್ರೊಜನ್ ಪೆರಾಕ್ಸೈಡು. ಅದಕ್ಕೆ ಕಬ್ಬಿಣದ ಅಂಶ ತಗುಲಿತೆಂದರೆ ಹುಟ್ಟುವ ಹೈಡ್ರಾಕ್ಸಿಲ್ ಎಂಬುದಂತೂ ಎದುರಿಗೆ ಸಿಕ್ಕಿದ್ದನ್ನೆಲ್ಲ, ಅದು ಕೊಬ್ಬಾಗಲಿ ಪ್ರೋಟೀನಾಗಲಿ ವಂಶವಾಹಿಯ ಎಳೆಯಾಗಲಿ, ಕಚ್ಚಿ ಕೆಡಿಸುವಂಥದು. ಈ ಮೂರನ್ನೂ ತಡೆಯುವ, ಅಥವಾ ಹುಟ್ಟದಂತೆ ನೋಡಿಕೊಳ್ಳುವ ಕಾವಲುಗಾರರಿಗೆ ಉತ್ಕರ್ಷಣ ನಿರೋಧಕ ಕಿಣ್ವಗಳು ಎನ್ನುತ್ತಾರೆ. 

ಕಿಣ್ವ ಎಂಬ ಮಾತಿನ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಕನ್ನಡ ಪಾಠ ಹೇಳಿದವನಿಗೆ ಮನಸ್ಸು ಬಾರದು. ಇದು ಹೊಸದಾಗಿ ಟಂಕಿಸಿದ ಶಬ್ದವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುಳಿಯಿಸುವುದಕ್ಕೆ ಹಾಕುವ ಹೆಪ್ಪಿಗೆ ಕಿಣ್ವವೆಂದೇ ಹೆಸರು. ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಎನ್‌ಜೈಮ್ ಎಂಬ ಹೆಸರನ್ನು ಕಟ್ಟಿದಾಗ ಅವನೂ ಗ್ರೀಕ್ ಭಾಷೆಯ ಹುದುಗಿನ ಮಾತನ್ನೇ ಹಿಡಿದನು. ಎರಡು ಭಾಷೆಗಳ ಎರಡು ಹೆಸರುಗಳೂ ಹೆಂಡದ ಗಡಿಗೆಯಿಂದಲೇ ಮೇಲೆದ್ದು ಬಂದಿವೆ. ತಾನು ವೆಚ್ಚವಾಗದೆ ಇನ್ನೊಂದರ ಮಾರ್ಪಾಟನ್ನು ತ್ವರೆಗೊಳಿಸುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಿಲ್ಲ.

ಈ ಕಾವಲುಗಾರರಲ್ಲಿ ಮೊದಲನೆಯವನ ಕಥೆ ಸ್ವಾರಸ್ಯವಾಗಿದೆ. 1938ರಲ್ಲಿ ಮನ್ ಮತ್ತು ಕೈಲಿನ್ ಎಂಬಿಬ್ಬರು ದನದ ರಕ್ತದಿಂದ ತಾಮ್ರವುಳ್ಳ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದರು. ಅದರ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. ಶರೀರ ತಾಮ್ರವನ್ನು ಕೂಡಿಡುವ ಉಗ್ರಾಣ ಅದಾಗಿರಬಹುದು ಎಂದು ಊಹಿಸಿ ಮೂವತ್ತು ವರ್ಷ ಕಳೆದರು. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಜೋ ಮೆಕಾರ್ಡ್ ಎಂಬ ತರುಣನೂ ಅವನ ಗುರು ಇರ್ವಿನ್ ಫ್ರಿಡೊವಿಚನೂ ಅದರ ನಿಜವಾದ ಉದ್ಯೋಗವನ್ನು ಕಂಡುಹಿಡಿದರು. ಎರಡು ಸೂಪರಾಕ್ಸೈಡು ಅಣುಗಳನ್ನು ಎದುರುಬದುರು ನಿಲ್ಲಿಸಿ, ಒಂದರ ಎಲೆಕ್ಟ್ರಾನನ್ನು ಕಸಿದು ಇನ್ನೊಂದಕ್ಕೆ ಕೊಟ್ಟು, ಒಂದನ್ನು ಮತ್ತೆ ಆಮ್ಲಜನಕವಾಗಿಯೂ ಇನ್ನೊಂದನ್ನು ಹೈಡ್ರೊಜನ್ ಪೆರಾಕ್ಸೈಡಾಗಿಯೂ ಮಾಡಿಬಿಡುವುದೇ ಆ ಉದ್ಯೋಗ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂದು ಅದಕ್ಕೆ ಹೆಸರಿಟ್ಟರು. ಹೆಸರು ಉದ್ದವಾದುದರಿಂದ ಇಲ್ಲಿ ಡಿಸ್ಮ್ಯುಟೇಸ್ ಎಂದಷ್ಟೇ ಹೇಳುತ್ತೇನೆ.

ಇದು ಒಂದು ವಿಷವನ್ನು ಕಳೆದು ಇನ್ನೊಂದನ್ನು ಕೊಟ್ಟಂತಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕಾಗಿ ಎರಡನೆಯ ಕಾವಲುಗಾರನಾದ ಕೆಟಲೇಸ್ ಸಿದ್ಧವಾಗಿ ನಿಂತಿರುತ್ತದೆ. ಗಾಯಕ್ಕೆ ಪೆರಾಕ್ಸೈಡು ಹಾಕಿದೊಡನೆ ಬುಸುಬುಸನೆ ನೊರೆ ಬರುವುದನ್ನು ಎಲ್ಲರೂ ಕಂಡಿದ್ದೀರಿ. ಅದು ನಮ್ಮ ರಕ್ತದ ಕೆಟಲೇಸು ಪೆರಾಕ್ಸೈಡನ್ನು ನೀರಾಗಿಯೂ ಆಮ್ಲಜನಕವಾಗಿಯೂ ಒಡೆಯುವ ನೋಟ. ಇದರ ಒಂದು ಅಣು ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಪೆರಾಕ್ಸೈಡು ಅಣುಗಳನ್ನು ಒಡೆಯಬಲ್ಲದು. ಮೀನಿನ ಯಕೃತ್ತಿನಲ್ಲಿ ಇದು ಹೇರಳವಾಗಿದೆ. ಮೂರನೆಯದು ಗ್ಲುಟಾಥಯೋನ್ ಪೆರಾಕ್ಸಿಡೇಸ್. ಸೆಲೆನಿಯಮ್ ಎಂಬ ಧಾತು ಎಲ್ಲೋ ಎಳ್ಳಿನ ಮೊನೆಯಷ್ಟು ಇಲ್ಲದಿದ್ದರೆ ಇದು ಕೈಕಟ್ಟಿ ಕುಳಿತುಬಿಡುತ್ತದೆಂಬುದು 1973ರಲ್ಲಿ ತಿಳಿಯಿತು. ಕೆಟ್ಟುಹೋದ ಕೊಬ್ಬಿನ ಕಣಗಳನ್ನು ದುರಸ್ತಿಗೆ ತರುವುದು ಇದರ ವಿಶೇಷ.

ಎಲ್ಲ ಪ್ರಾಣಿಗಳಿಗೂ ಇರುವ ಈ ಏರ್ಪಾಡಿನಲ್ಲಿ ಕಡಲ ಮೀನಿನದೇನು ಹೆಚ್ಚುಗಾರಿಕೆ? ಉತ್ತರ ಅದರ ಎಣ್ಣೆಯಲ್ಲಿದೆ. ಚಳಿಗೆ ತುಪ್ಪ ಹೆಪ್ಪುಗಟ್ಟುತ್ತದೆ; ಮೀನೆಣ್ಣೆ ಹೆಪ್ಪುಗಟ್ಟದು. ತಣ್ಣೀರಿನಲ್ಲಿ ಬಾಳುವ ಪ್ರಾಣಿಯ ಜೀವಕೋಶಗಳ ಪೊರೆ ಮೃದುವಾಗಿಯೇ ಉಳಿಯಬೇಕಾದರೆ ಅಂಥ ತೆಳುಕೊಬ್ಬೇ ಬೇಕು. ಆದರೆ ಈ ತೆಳುಕೊಬ್ಬಿನ ಅಣುವಿನಲ್ಲಿ ಜೋಡಿ ಬಂಧಗಳು ಹೆಚ್ಚು. ಆಲಿವ್ ಎಣ್ಣೆಯ ಮುಖ್ಯ ಆಮ್ಲದಲ್ಲಿ ಅಂಥದು ಒಂದೇ ಒಂದು. ಮೀನಿನ ಮಿದುಳಿನಲ್ಲಿಯೂ ಕಣ್ಣಿನಲ್ಲಿಯೂ ತುಂಬಿರುವ ಕೊಬ್ಬಿನ ಆಮ್ಲವೊಂದರಲ್ಲಿ 6. ಆಮ್ಲಜನಕ ಕಚ್ಚುವುದು ಈ ಬಂಧಗಳ ನೆರೆಯಲ್ಲಿಯೇ. ಒಂದು ಅಣು ಕೆಟ್ಟರೆ ಪಕ್ಕದ್ದನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಬೂತಾಯಿಯನ್ನೊ ಬಂಗುಡೆಯನ್ನೊ ಹೊತ್ತಿಗೆ ಸರಿಯಾಗಿ ಉಪ್ಪಿಗೆ ಹಾಕದೆ ಬಿಟ್ಟರೆ ಎಷ್ಟು ಬೇಗ ಕಮಟುತ್ತದೆಂಬುದು ಕರಾವಳಿಯ ಮನೆಮನೆಗೂ ಗೊತ್ತು. ಒಣಗಿಸಿದ ಮೀನಿನ ಹಿಟ್ಟನ್ನು ಹಡಗಿನ ಒಡಲಿಗೆ ತುಂಬಿ ಸಾಗಿಸುವಾಗ ಅದರಲ್ಲಿ ಉಳಿದ ಎಣ್ಣೆ ಗಾಳಿಯೊಡನೆ ಕೂಡಿ, ಕಾವೇರಿ, ತಾನಾಗಿಯೇ ಹೊತ್ತಿಕೊಂಡ ಪ್ರಸಂಗಗಳಿವೆ. ಅದನ್ನು ತಡೆಯಲು ಬಹುಕಾಲ ಎಥಾಕ್ಸಿಕ್ವಿನ್ ಎಂಬ ರಾಸಾಯನಿಕವನ್ನು ಬೆರೆಸುತ್ತಿದ್ದರು. ಅದರ ಸುರಕ್ಷಿತತೆಯನ್ನು ಕುರಿತು ಸಂದೇಹಗಳೆದ್ದು ಯುರೋಪಿನ ಒಕ್ಕೂಟ 2017ರಲ್ಲಿ ಮೇವಿನಲ್ಲಿ ಅದರ ಬಳಕೆಗೆ ಕೊಟ್ಟಿದ್ದ ಅನುಮತಿಯನ್ನು ತಡೆಹಿಡಿಯಿತು. ಸತ್ತ ಮೇಲೆ ಹೀಗೆ ಹೊತ್ತಿಕೊಳ್ಳಬಲ್ಲ ಎಣ್ಣೆಯನ್ನು ಬದುಕಿದ್ದಾಗ ಮೈತುಂಬ ಹೊತ್ತುಕೊಂಡು, ಅದರ ಮೇಲೆ ಆಮ್ಲಜನಕವನ್ನೂ ಹರಿಸಿಕೊಂಡು, ಮೀನು ಕೆಡದೆ ಇರುತ್ತದೆ. ಆ ಮೂರು ಕಿಣ್ವಗಳೂ, ಅವುಗಳಿಗೆ ಬೆಂಬಲವಾಗಿ ಪೊರೆಯೊಳಗೇ ನಿಂತಿರುವ ಇ ಜೀವಸತ್ವವೂ ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ಸಾಲ್ಮನ್ ಮೀನಿನ ಮಾಂಸಕ್ಕೆ ಕಿತ್ತಳೆಗೆಂಪು ಬಣ್ಣ ಕೊಡುವ ಆಸ್ಟಜಾಂಥಿನ್ ಕೂಡ ಇದೇ ಪಡೆಗೆ ಸೇರಿದ್ದು. ತಾಯಿಮೀನು ಅದನ್ನು ತನ್ನ ಮೊಟ್ಟೆಗಳಿಗೆ ಸಾಗಿಸಿ ಕೊಡುತ್ತದೆ.

ಇಷ್ಟು ಗುರಾಣಿಯ ಮಾತಾಯಿತು. ಇನ್ನು ಕತ್ತಿಯ ಮಾತು.

1882ರಲ್ಲಿ ಸಿಸಿಲಿಯ ಮೆಸೀನಾ ಎಂಬ ಕಡಲತೀರದ ಊರಿನಲ್ಲಿ ತಂಗಿದ್ದ ರಷ್ಯದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟನು. ಬೆಳಗಾಗುವಷ್ಟರಲ್ಲಿ ಅಲೆಮಾರಿ ಜೀವಕೋಶಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದವು. ರೋಗಾಣುಗಳನ್ನು ನುಂಗುವ ಬಿಳಿಯ ಕಣಗಳ ಸಿದ್ಧಾಂತ ಅಲ್ಲಿಂದ ಹುಟ್ಟಿತು. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂದಿತು. ನಕ್ಷತ್ರಮೀನು ಹೆಸರಿಗೆ ಮಾತ್ರ ಮೀನು ಎಂಬುದನ್ನು ಒಪ್ಪೋಣ. ಆದರೆ ಈ ಶಾಸ್ತ್ರಕ್ಕೆ ತೊಟ್ಟಿಲು ಕಡಲೇ.

ನುಂಗಿದ್ದು ಸರಿ, ಕೊಲ್ಲುವುದು ಹೇಗೆ? 1933ರಲ್ಲಿ ಬಾಲ್ಡ್ರಿಜ್ ಮತ್ತು ಜೆರಾರ್ಡ್ ಎಂಬವರು ನಾಯಿಯ ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುವಾಗ ಒಮ್ಮೆಲೇ ಹೆಚ್ಚು ಆಮ್ಲಜನಕವನ್ನು ಹೀರುತ್ತವೆಂದು ಕಂಡರು. ಊಟದ ಶ್ರಮಕ್ಕೆ ಉಸಿರು ಬೇಕಲ್ಲ ಎಂಬಂತೆ ಇದನ್ನು ಅರ್ಥಮಾಡಿದರು. ಆ ಹೀರಿಕೆಗೂ ಉಸಿರಾಟಕ್ಕೂ ಸಂಬಂಧವಿಲ್ಲವೆಂದು ಆಮೇಲೆ ತಿಳಿಯಿತು. 1973ರಲ್ಲಿ ಬರ್ನಾರ್ಡ್ ಬೇಬಿಯರ್ ಮತ್ತು ಸಂಗಡಿಗರು ತೋರಿಸಿದಂತೆ, ಆ ಕಣಗಳು ಹೀರಿದ ಆಮ್ಲಜನಕವನ್ನು ಬೇಕೆಂದೇ ಸೂಪರಾಕ್ಸೈಡಾಗಿ ಮಾಡಿ ಸುರಿಯುತ್ತವೆ. ಶರೀರ ಬೇರೆಡೆಯಲ್ಲೆಲ್ಲ ಯಾವುದಕ್ಕೆ ಅಂಜಿ ಕಾವಲಿಟ್ಟಿದೆಯೊ ಅದನ್ನೇ ಇಲ್ಲಿ ಕೈಯಾರೆ ತಯಾರಿಸುತ್ತದೆ! ಈ ಶಕ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳುಂಟು. ಅವರ ಬಿಳಿಯ ಕಣಗಳು ರೋಗಾಣುವನ್ನು ನುಂಗುತ್ತವೆ, ಕೊಲ್ಲಲಾರವು. ಆ ಮಕ್ಕಳನ್ನು ಸೋಂಕು ಮತ್ತೆ ಮತ್ತೆ ಕಾಡುತ್ತದೆ. ಈ ಬೆಂಕಿಯ ಬೆಲೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೀನಿನ ನುಂಗುಕಣಗಳಲ್ಲಿಯೂ ಇದೇ ಆಸ್ಫೋಟ ನಡೆಯುತ್ತದೆಂಬುದು 1980ರ ದಶಕದಲ್ಲಿ ಖಚಿತವಾಯಿತು. ಅದನ್ನು ಅಳೆಯುವ ಕ್ರಮವೂ ನೋಡಲು ಚಂದ. ಹಳದಿ ಬಣ್ಣದ ಒಂದು ರಾಸಾಯನಿಕವನ್ನು ಕಣಗಳಿಗೆ ಉಣಿಸುತ್ತಾರೆ. ಸೂಪರಾಕ್ಸೈಡು ಹುಟ್ಟಿದಲ್ಲೆಲ್ಲ ಹಳದಿ ಕಡುನೀಲಿಯಾಗುತ್ತದೆ. ನೀಲಿ ಹೆಚ್ಚಿದಷ್ಟೂ ಮೀನಿನ ಕತ್ತಿ ಹರಿತವಾಗಿದೆಯೆಂದು ಲೆಕ್ಕ.

ನಮಗಿಂತ ಮೀನಿಗೆ ಈ ಕತ್ತಿಯ ಅವಲಂಬನೆ ಹೆಚ್ಚು. ಮೀನಿಗೆ ಮೂಳೆಯೊಳಗೆ ರಕ್ತ ಹುಟ್ಟಿಸುವ ಮಜ್ಜೆಯಿಲ್ಲ. ಮೂತ್ರಪಿಂಡದ ಮುಂಭಾಗವೇ ಆ ಹೊಣೆಯನ್ನು ಹೊತ್ತಿದೆ. ನಮ್ಮ ಕಂಕುಳಲ್ಲಿಯೂ ಕೊರಳಿನಲ್ಲಿಯೂ ಇರುವಂಥ ದುಗ್ಧಗ್ರಂಥಿಗಳೂ ಅದಕ್ಕಿಲ್ಲ. ಹಗೆಯ ಗುರುತು ಹಿಡಿದು ಅದಕ್ಕೆಂದೇ ಪ್ರತಿಕಾಯಗಳನ್ನು ರೂಪಿಸುವ ಶಕ್ತಿ ಇದೆಯಾದರೂ ತಣ್ಣೀರಿನಲ್ಲಿ ಆ ಕೆಲಸಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಉತ್ತರ ಅಟ್ಲಾಂಟಿಕಿನ ಕಾಡ್ ಮೀನಿನ ವಂಶವಾಹಿಗಳನ್ನು 2011ರಲ್ಲಿ ಓದಿ ನೋಡಿದಾಗ ಗುರುತು ಹಿಡಿಯುವ ಆ ಏರ್ಪಾಡಿನ ಒಂದು ಮುಖ್ಯ ಕವಲೇ ಅದರಲ್ಲಿ ಇಲ್ಲದ್ದು ಕಂಡು ವಿಜ್ಞಾನಿಗಳು ಬೆರಗಾದರು. ಆದರೂ ಕಾಡ್ ಬಾಳಿಕೊಂಡು ಬಂದಿದೆ. ಮೈಮೇಲಿನ ಲೋಳೆ, ಅದರೊಳಗಿನ ರೋಗಾಣುನಾಶಕಗಳು, ಮತ್ತು ಈ ನುಂಗುಕಣಗಳು ಮೀನಿನ ಮೊದಲ ಸಾಲಿನ ಕಾಪು.

ಕತ್ತಿಯೂ ಗುರಾಣಿಯೂ ಒಂದೇ ಲೋಹದವು ಎಂಬಲ್ಲಿಯೇ ತೊಡಕು ಇರುವುದು. ನುಂಗುಕಣ ಸುರಿದ ಬೆಂಕಿ ರೋಗಾಣುವನ್ನು ಸುಟ್ಟು ಅಲ್ಲಿಗೇ ನಿಲ್ಲದು. ಸುತ್ತಣ ಅಂಗಾಂಶಕ್ಕೂ ತಗುಲುತ್ತದೆ. ಅಲ್ಲಿ ಡಿಸ್ಮ್ಯುಟೇಸ್, ಕೆಟಲೇಸ್ ಇರಬೇಕು. ಕಾವಲು ಸಡಿಲವಾದರೆ ಮೀನು ತನ್ನ ರಕ್ಷಣೆಯಿಂದಲೇ ಬೇಯುತ್ತದೆ. ಬೆಂಕಿಯೇ ಏಳದಿದ್ದರೆ ರೋಗಾಣು ಗೆಲ್ಲುತ್ತದೆ. ಆದಕಾರಣ ಮೀನಿನಲ್ಲಿ ಡಿಸ್ಮ್ಯುಟೇಸ್ ಹೆಚ್ಚಿದೆ, ಆದುದರಿಂದ ಅದು ಆರೋಗ್ಯವಾಗಿದೆ ಎಂದು ಕೆಲವು ಲೇಖನಗಳಲ್ಲಿ ಅವಸರದಿಂದ ಬರೆಯುವುದು ನನಗೆ ಸರಿಕಾಣದು. ಬೀದಿಯಲ್ಲಿ ಅಗ್ನಿಶಾಮಕ ದಳದ ವಾಹನಗಳು ಸಾಲಾಗಿ ನಿಂತಿದ್ದರೆ ಆ ಬೀದಿ ಸುರಕ್ಷಿತವೆಂದೂ ಹೇಳಬಹುದು, ಯಾವುದೊ ಮನೆಗೆ ಬೆಂಕಿ ಬಿದ್ದಿದೆಯೆಂದೂ ಹೇಳಬಹುದು. ನೀರು ಕಾದಾಗ, ಉಪ್ಪಿನ ಹದ ತಪ್ಪಿದಾಗ, ನೀರಿಗೆ ಲೋಹದ ವಿಷ ಸೇರಿದಾಗ ಮೀನಿನ ಕಿಣ್ವಗಳು ಏರುತ್ತವೆ. ಸಂಕಟ ಬಹಳ ದಿನ ಮುಂದುವರಿದರೆ ಇಳಿದುಹೋಗುತ್ತವೆ. ಒಂದು ದಿನದ ಅಂಕಿಯನ್ನು ನೋಡಿ ಯಾವುದೆಂದು ಹೇಳುವಂತಿಲ್ಲ.

ರೋಗಾಣುಗಳು ಈ ಆಟದಲ್ಲಿ ಸುಮ್ಮನೆ ಸುಡಿಸಿಕೊಳ್ಳುವ ಪೆದ್ದರಲ್ಲ. ಜಪಾನಿನ ಮತ್ತು ಮೆಡಿಟರೇನಿಯನ್ನಿನ ಸಾಕುಮೀನುಗಳನ್ನು ಕಾಡುವ ಫೋಟೊಬ್ಯಾಕ್ಟೀರಿಯಮ್ ಜಾತಿಯ ಒಂದು ರೋಗಾಣು ತನ್ನದೇ ಡಿಸ್ಮ್ಯುಟೇಸನ್ನೂ ಕೆಟಲೇಸನ್ನೂ ಹೊತ್ತು ಬರುತ್ತದೆ. ಮೀನಿನ ಗುರಾಣಿಯನ್ನೇ ಹೋಲುವ ಗುರಾಣಿ ಹಗೆಯ ಕೈಯಲ್ಲಿಯೂ ಇದೆ. ಇದೇ ಕುಲದ ಇನ್ನೊಂದು ಬ್ಯಾಕ್ಟೀರಿಯಾ ಹಗೆಯಲ್ಲ, ನೆಂಟ. ಅದು ಉಷ್ಣವಲಯದ ಕಡಲಿನ ಬೆಳ್ಳಿಬಣ್ಣದ ಒಂದು ಸಣ್ಣ ಮೀನಿನ ಮೈಯಲ್ಲಿ ಮನೆಮಾಡಿ ಅದಕ್ಕೆ ಬೆಳಕು ಕೊಡುತ್ತದೆ. ತಾಮ್ರ ಮತ್ತು ಸತುವುಳ್ಳ ಬಗೆಯ ಡಿಸ್ಮ್ಯುಟೇಸ್ ಪ್ರಾಣಿಗಳಲ್ಲಿಯೂ ಸಸ್ಯಗಳಲ್ಲಿಯೂ ಮಾತ್ರ ಉಂಟೆಂದು ನಂಬಿದ್ದ ಕಾಲದಲ್ಲಿ, 1974ರಲ್ಲಿ, ಅದು ಈ ಬ್ಯಾಕ್ಟೀರಿಯಾದಲ್ಲಿ ಕಂಡಿತು. ಆತಿಥೇಯನಾದ ಮೀನಿನಿಂದಲೇ ಅತಿಥಿ ಆ ವಂಶವಾಹಿಯನ್ನು ಎಗರಿಸಿರಬೇಕೆಂದು ಫ್ರಿಡೊವಿಚನೂ ಅವನ ಸಹೋದ್ಯೋಗಿಯೂ 1981ರಲ್ಲಿ ವಾದಿಸಿದರು. ಬಹಳ ಮೋಹಕವಾದ ವಾದ. ಆದರೆ ಮೀನಿನ ನೆರಳನ್ನೂ ಕಾಣದ ಬೇರೆ ಬ್ಯಾಕ್ಟೀರಿಯಾಗಳಲ್ಲಿಯೂ ಅದೇ ಬಗೆಯ ಕಿಣ್ವ ಸಿಕ್ಕಿತು. ಕಳ್ಳತನದ ಆರೋಪ ಬಿದ್ದುಹೋಯಿತು.

ಮೀನುಸಾಕಣೆ ದೊಡ್ಡ ಉದ್ಯಮವಾದಂತೆ ಇದೆಲ್ಲ ಪ್ರಯೋಗಶಾಲೆಯ ವಿಷಯವಾಗಿ ಉಳಿಯಲಿಲ್ಲ. ಪಂಜರದಲ್ಲಿ ಒತ್ತೊತ್ತಾಗಿ ಬಾಳುವ ಮೀನಿಗೆ ರೋಗ ಬೇಗ ಹರಡುತ್ತದೆ. ನಾರ್ವೆಯ ಸಾಲ್ಮನ್ ಸಾಕಣೆಗಾರರು 1987ರ ಒಂದೇ ವರ್ಷದಲ್ಲಿ ಸುಮಾರು 50 ಟನ್ ಪ್ರತಿಜೈವಿಕ ಔಷಧಿ ಬಳಸಿದ್ದರು. ಲಸಿಕೆಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಅದು ಕುಸಿಯಿತು. ಈಚಿನ ವರ್ಷಗಳಲ್ಲಿ, ಉತ್ಪಾದನೆ ಎಷ್ಟೋ ಪಟ್ಟು ಬೆಳೆದಿದ್ದರೂ, 1 ಟನ್ನಿಗಿಂತ ಕಡಿಮೆಯಾಗಿದೆ. ಈ ಲಸಿಕೆಗಳನ್ನು ಎಣ್ಣೆಯಲ್ಲಿ ಬೆರೆಸಿ ಮೀನಿನ ಹೊಟ್ಟೆಗೆ ಚುಚ್ಚುತ್ತಾರೆ. ಎಣ್ಣೆ ನುಂಗುಕಣಗಳನ್ನು ಕರೆತರುತ್ತದೆ. ಕೆಲವು ಮೀನುಗಳಲ್ಲಿ ಉರಿಯೂತ ಮಿತಿಮೀರಿ ಕರುಳುಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಯೀಸ್ಟಿನಿಂದ ತೆಗೆದ ಗ್ಲೂಕನ್ ಎಂಬ ಪದಾರ್ಥವನ್ನು ಮೇವಿಗೆ ಬೆರೆಸಿ ನುಂಗುಕಣಗಳನ್ನು ಕೆರಳಿಸುವ ಪದ್ಧತಿಯೂ ಬಂದಿದೆ. ಕೆಲವು ದಿನ ಕೊಟ್ಟರೆ ಹಿತ. ತಿಂಗಳುಗಟ್ಟಲೆ ಕೊಟ್ಟರೆ ಆ ಕಣಗಳೇ ದಣಿದಂತಾಗುವುದುಂಟು. ಸಾಲ್ಮನ್‌ಗಳ ಚರ್ಮಕ್ಕೆ ಹತ್ತುವ ಕಡಲ ಹೇನನ್ನು ಉದುರಿಸಲು ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ಸುಮಾರು 20 ನಿಮಿಷ ಮೀನುಗಳನ್ನು ಮೀಯಿಸುತ್ತಾರೆ. ನೀರು ತಣ್ಣಗಿದ್ದರೆ ಹೇನು ಉದುರಿ ಮೀನು ಉಳಿಯುತ್ತದೆ. ನೀರು ಸ್ವಲ್ಪ ಬೆಚ್ಚಗಾದರೂ ಅದೇ ಪ್ರಮಾಣ ಮೀನಿನ ಕಿವಿರನ್ನು ಸುಡುತ್ತದೆ.

ಮನುಷ್ಯ ಅಳೆದು ಸುರಿಯುವ ಈ ಪೆರಾಕ್ಸೈಡನ್ನು ಕಡಲೇ ಅಳತೆಯಿಲ್ಲದೆ ಸುರಿದರೆ ಏನಾದೀತು? ಜಪಾನಿನ ಸೆಟೊ ಒಳಗಡಲು ಈ ಪ್ರಶ್ನೆಯನ್ನು ಎದುರಿಸಿತು. ಬುರಿ ಎಂಬ ಹಳದಿಬಾಲದ ಮೀನನ್ನು ಅಲ್ಲಿ 1928ರಿಂದಲೇ ಸಾಕಲು ತೊಡಗಿದ್ದರು. ಯುದ್ಧಾನಂತರ ದಡದುದ್ದಕ್ಕೂ ಕಾರ್ಖಾನೆಗಳೂ ಪಟ್ಟಣಗಳೂ ಬೆಳೆದು ಅವುಗಳ ಕೊಚ್ಚೆಯಲ್ಲಿನ ಸಾರಜನಕವೂ ರಂಜಕವೂ ಒಳಗಡಲಿಗೆ ಸೇರಿದವು. 1972ರ ಬೇಸಗೆಯಲ್ಲಿ ಹರಿಮಾ ಎಂಬ ಭಾಗದ ನೀರು ಬಣ್ಣ ತಿರುಗಿತು. ಚಾಟ್ಟೊನೆಲ್ಲಾ ಎಂಬ ಸೂಕ್ಷ್ಮ ಪಾಚಿ ಕೋಟಿಕೋಟಿಯಾಗಿ ಹೆಚ್ಚಿತ್ತು. ಕೆಲವೇ ದಿನಗಳಲ್ಲಿ ಪಂಜರದ 1 ಕೋಟಿ 40 ಲಕ್ಷ ಬುರಿಗಳು ಸತ್ತವು. ನಷ್ಟ 710 ಕೋಟಿ ಯೆನ್.

ಈ ಪಾಚಿಯ ಕಣ ಸೂಪರಾಕ್ಸೈಡನ್ನೂ ಪೆರಾಕ್ಸೈಡನ್ನೂ ನೀರಿಗೆ ಬಿಡುತ್ತದೆಂದು ಆಮೇಲೆ ಜಪಾನಿನ ವಿಜ್ಞಾನಿಗಳು ಕಂಡರು. ಪ್ರಯೋಗದಲ್ಲಿ ಅದು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಡಿಸ್ಮ್ಯುಟೇಸನ್ನೂ ಕೆಟಲೇಸನ್ನೂ ಆ ನೀರಿಗೆ ಸೇರಿಸಿದರೆ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆ. ಮೀನನ್ನು ಕೊಂದದ್ದೂ ಅದೇ ಎಂದು ಒಂದು ಪಕ್ಷ. ಪಾಚಿಯ ಕೊಬ್ಬಿನ ಆಮ್ಲಗಳೂ ಕೈಗೂಡಿಸಿವೆ ಎಂದು ಇನ್ನೊಂದು ಪಕ್ಷ. ವಾದ ಮುಗಿದಿಲ್ಲ. ಕಿವಿರು ಬಾತು, ಲೋಳೆ ಕಟ್ಟಿ, ನೀರಿನಲ್ಲಿ ಆಮ್ಲಜನಕವಿದ್ದೂ ಮೀನು ಉಸಿರುಕಟ್ಟಿ ಸತ್ತಿತು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ನುಂಗುಕಣ ರೋಗಾಣುವಿನ ಮೇಲೆ ಮಾಡುವುದನ್ನು ಇಲ್ಲಿ ಪಾಚಿ ಮೀನಿನ ಮೇಲೆ ಮಾಡಿತು. ಮೀನಿನ ಕಾವಲು ಒಳಗಿನಿಂದ ಏಳುವ ಬೆಂಕಿಗೆ ತಕ್ಕಷ್ಟು. ಹೊರಗಿನಿಂದ ನುಗ್ಗಿದ್ದಕ್ಕೆ ಸಾಲಲಿಲ್ಲ. ಮರುವರ್ಷವೇ, 1973ರಲ್ಲಿ, ಸೆಟೊ ಒಳಗಡಲನ್ನು ಕಾಯಲು ಜಪಾನು ವಿಶೇಷ ಕಾಯಿದೆ ಮಾಡಿತು.

ಇದೇ ಪಾಚಿ ಈ ಶತಮಾನದ ಆರಂಭದಲ್ಲಿ ಕೇರಳದ ಕಲ್ಲಿಕೋಟೆಯ ಕಡಲಿನಲ್ಲಿಯೂ ಕಾಣಿಸಿಕೊಂಡಿತು. ನಮ್ಮ ಕಾರವಾರದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸೀಬಾಸ್, ಕೋಬಿಯಾ ಮೀನುಗಳನ್ನು ಪಂಜರದಲ್ಲಿ ಬೆಳೆಸಿ ತೋರಿಸಿದ್ದಾರೆ; ಕರಾವಳಿಯ ಹಲವರು ಆ ದಾರಿ ಹಿಡಿದಿದ್ದಾರೆ. ಆದುದರಿಂದ ಜಪಾನಿನ ಸಾಕಣೆಗಾರರು ಅನುಭವದಿಂದ ಕಲಿತದ್ದು ನಮಗೂ ತಿಳಿದಿರಬೇಕು. ನೀರಿನ ಬಣ್ಣ ತಿರುಗುತ್ತಿದೆಯೆಂಬ ಸುದ್ದಿ ಬಂದೊಡನೆ ಸಾಧ್ಯವಾದಲ್ಲಿ ಅವರು ಪಂಜರವನ್ನು ಬೇರೆಡೆಗೆ ಎಳೆಯುತ್ತಾರೆ, ಅಥವಾ ಪಾಚಿ ದಟ್ಟವಾಗಿರುವ ಮೇಲ್ಪದರವನ್ನು ತಪ್ಪಿಸಿ ಆಳಕ್ಕೆ ಇಳಿಸುತ್ತಾರೆ. ಅದಕ್ಕೂ ಮೊದಲು ಮೇವು ಹಾಕುವುದನ್ನು ನಿಲ್ಲಿಸುತ್ತಾರೆ. ಉಂಡದ್ದನ್ನು ಅರಗಿಸಿಕೊಳ್ಳಲು ಮೀನಿಗೆ ಹೆಚ್ಚು ಆಮ್ಲಜನಕ ಬೇಕು. ಆ ದಿನಗಳಲ್ಲಿ ಹಸಿದ ಮೀನು ಬದುಕಿ ಉಳಿಯುವ ಸಂಭವ ಉಂಡ ಮೀನಿಗಿಂತ ಹೆಚ್ಚು.